ಗೋಣಿ ಸೊಪ್ಪಿನ ದಿಗ್ವಿಜಯ

(ಬಾನುಲಿ ಭಾಷಣ)

ಕನ್ನಡದಲ್ಲಿ ‘ಕಳೆ’ ಎಂಬುದೊಂದು ವಿಚಿತ್ರವಾದ ಶಬ್ದ. ಕ್ರಿಯಾಪದವಾಗಿ ಬಂದಾಗ ಅದಕ್ಕೆ ತೆಗೆ, ನೀಗು, ಹೋಗಲಾಡಿಸು ಎಂಬ ಅರ್ಥಗಳು. ನಾಮಪದವಾಗಿ ಹೊಲಕ್ಕೆ ಇಳಿಯಿತೆಂದರೆ, ಬೆಳೆಯ ನಡುವೆ ಕರೆಯದೆ ಬಂದು ಕುಳಿತ ಗಿಡ. ಅದೇ ಶಬ್ದ ಮನುಷ್ಯನ ಮುಖಕ್ಕೆ ಏರಿದರೆ ಕಾಂತಿ, ತೇಜಸ್ಸು. ‘ಹುಡುಗನ ಮುಖದಲ್ಲಿ ಒಳ್ಳೆಯ ಕಳೆಯಿದೆ’ ಎನ್ನುತ್ತೇವಲ್ಲ, ಆ ಕಳೆ. ಈ ಕೊನೆಯದು ಸಂಸ್ಕೃತದ ‘ಕಲಾ’ ಶಬ್ದದಿಂದ ಬಂದದ್ದು, ಮಿಕ್ಕವು ನಮ್ಮ ದೇಶ್ಯ ಸಂಪತ್ತು, ಇವಕ್ಕೂ ಅದಕ್ಕೂ ನೆಂಟಸ್ತನವಿಲ್ಲ ಎಂದು ನಲವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನು ನಾನು. ವ್ಯಾಕರಣದ ಮಟ್ಟಿಗೆ ಆ ಮಾತು ಸರಿಯೇ. ಆದರೆ ಒಂದು ಸೊಪ್ಪಿನ ಚರಿತ್ರೆಯನ್ನು ಹುಡುಕಿಕೊಂಡು ಹೊರಟಾಗ, ಈ ಮೂರು ಅರ್ಥಗಳೂ ಒಂದೇ ಗಿಡದ ಮೇಲೆ ಬಂದು ನಿಂತದ್ದನ್ನು ಕಂಡು ನನಗೆ ಸೋಜಿಗವಾಯಿತು. ಆ ಸೊಪ್ಪಿನ ಕಥೆಯನ್ನೇ ಈ ಹೊತ್ತು ತಮ್ಮೆದುರು ಇಡಬೇಕೆಂದಿದ್ದೇನೆ.

ಹಳೆಯ ಮೈಸೂರು ಸೀಮೆಯಲ್ಲಿ ಅದನ್ನು ಗೋಣಿ ಸೊಪ್ಪು ಎನ್ನುತ್ತಾರೆ. ಉತ್ತರದ ಕಡೆ ಹೋದರೆ ಗೋಣಿ ಪಲ್ಯ, ಗೋಳಿ ಪಲ್ಯ. ನೆಲವನ್ನು ಅಪ್ಪಿಕೊಂಡು ಸುತ್ತಲೂ ಹರಡುವ ಗಿಡ. ದುಂಡನೆಯ ನುಣುಪಾದ ಕೆಂಪು ದಂಟು, ಸೌಟಿನ ಆಕಾರದ, ರಸ ತುಂಬಿದ ಹಸಿರೆಲೆ, ಬಿಸಿಲೇರಿದ ಮೇಲೆ ಕೆಲವು ಗಂಟೆಗಳ ಕಾಲ ಮಾತ್ರ ಕಣ್ತೆರೆಯುವ ಪುಟ್ಟ ಹಳದಿ ಹೂ, ಬಿಳಿಯ ಬೇರು, ಮಸಿಯಂಥ ಕಪ್ಪು ಬೀಜ. ಈ ಐದು ಬಣ್ಣಗಳನ್ನು ಕಂಡು ಚೀನೀಯರು ಇದಕ್ಕೆ ಪಂಚತತ್ತ್ವಗಳ ಗಿಡ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ನಮ್ಮಲ್ಲಿ ಅಂಥ ಗೌರವವೇನೂ ಅದಕ್ಕೆ ಸಿಕ್ಕಲಿಲ್ಲ. ತರಕಾರಿ ಮಡಿಯಲ್ಲಿ, ಬಾವಿಕಟ್ಟೆಯ ಮಗ್ಗುಲಲ್ಲಿ, ಬಚ್ಚಲ ನೀರು ಹರಿಯುವಲ್ಲಿ, ಹೊಸದಾಗಿ ಮಣ್ಣು ಕೆದಕಿದ ಯಾವುದೇ ಎಡೆಯಲ್ಲಿ ಅದು ತಾನಾಗಿ ಹುಟ್ಟುತ್ತದೆ, ಹುಟ್ಟಿದ್ದಕ್ಕಾಗಿ ಬೈಸಿಕೊಳ್ಳುತ್ತದೆ.

ಹೆಸರುಗಳಿಂದಲೇ ಆರಂಭಿಸುತ್ತೇನೆ, ಕನ್ನಡ ಮೇಷ್ಟರಿಗೆ ಅದೇ ಸುಲಭದ ದಾರಿ. ಸಂಸ್ಕೃತದಲ್ಲಿ ಇದು ಲೋಣೀ, ಲೋಣಿಕಾ. ಲವಣ ಎಂಬುದರ ನೆರಳು ಈ ಹೆಸರಿನ ಮೇಲಿದೆ. ಎಲೆಯನ್ನು ಕಚ್ಚಿ ನೋಡಿದವರಿಗೆ ಆ ಉಪ್ಪುಪ್ಪಾದ ಹುಳಿಯ ಪರಿಚಯವಾಗುತ್ತದೆ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಸೊಪ್ಪುಗಳನ್ನು ಎಣಿಸುವಾಗ ಲೋಣಿಯನ್ನು ಚಿಕ್ಕದು, ದೊಡ್ಡದು ಎಂದು ಎರಡಾಗಿ ವಿಂಗಡಿಸಿ, ದೊಡ್ಡದನ್ನು ಘೋಟಿಕಾ ಎಂದು ಕರೆದಿದ್ದಾನೆ. ನಮ್ಮ ರೈತರೂ ದೊಡ್ಡಗೋಣಿ, ಸಣ್ಣಗೋಣಿ ಎಂದು ಎರಡು ಬಗೆ ಹೇಳುತ್ತಾರೆ. ಮರಾಠಿಯಲ್ಲಿ ಇದು ಘೋಳ, ಗುಜರಾತಿಯಲ್ಲಿ ಲೂಣಿ, ಹಿಂದಿಯ ಕುಲ್ಫಾ ಎಂಬುದು ಪಾರಸಿಯ ‘ಖುರ್ಫಾ’ದಿಂದ ಬಂದದ್ದು. ತಮಿಳರು ಪರುಪ್ಪು ಕೀರೈ, ಎಂದರೆ ಬೇಳೆಯ ಸೊಪ್ಪು, ಎಂದು ಅಡುಗೆಯ ವಿಧಾನವನ್ನೇ ಹೆಸರಾಗಿಸಿಬಿಟ್ಟಿದ್ದಾರೆ. ತೆಲುಗರಿಗೆ ಇದು ಪಾಯಲಕೂರ. ಇಷ್ಟು ಹೆಸರುಗಳನ್ನು ಪಡೆದ ಗಿಡ ಯಾರ ಮನೆಯ ಬಾಗಿಲನ್ನೂ ತಟ್ಟದೆ ಹೋದದ್ದಲ್ಲ. ಬೇಡದ ಗಿಡಕ್ಕೆ ಜನ ಒಟ್ಟಿನ ಮೇಲೆ ‘ಹುಲ್ಲು’ ಎಂದು ಹೇಳಿ ಮುಗಿಸುತ್ತಾರೆ. ಬಿಡಿಯಾಗಿ ಹೆಸರಿಡುವುದು ಬಳಸಿದ್ದಕ್ಕೆ ಮಾತ್ರ.

ಗ್ರೀಸಿನ ಸಾಮೋಸ್ ದ್ವೀಪದಲ್ಲಿರುವ ಹೇರಾ ದೇವಿಯ ಪುರಾತನ ಕ್ಷೇತ್ರದಲ್ಲಿ ಕ್ರಿಸ್ತಪೂರ್ವ ಏಳನೆಯ ಶತಮಾನದ ಪದರದಲ್ಲಿ ಇದರ ಬೀಜಗಳು ದೊರೆತಿವೆ. ರೋಮಿನ ಪ್ಲಿನಿ ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಇದನ್ನು ‘ಪೋರ್ಸಿಲಾಕ’ ಎಂದು ಕರೆದು, ಅದರ ಔಷಧಗುಣಗಳನ್ನು ಹಾಡಿ ಹೊಗಳಿದ್ದಾನೆ. ತಾಯಿತದಂತೆ ಮೈಮೇಲೆ ಧರಿಸಿದರೂ ಒಳ್ಳೆಯದೆಂದು ನಂಬಿದ್ದ. ಆ ಲ್ಯಾಟಿನ್ ಹೆಸರೇ ತಿರುಗಿ ಮುರುಗಿ ಇಂಗ್ಲಿಷಿನಲ್ಲಿ ‘ಪರ್ಸ್‌ಲೇನ್’ ಆಯಿತು. ಫ್ರೆಂಚರು ‘ಪೂರ್ಪಿಯೆ’ ಎನ್ನುತ್ತಾರೆ. ಅದರ ಮೂಲಾರ್ಥ ಕೋಳಿಮರಿಯ ಪಾದ. ಅರಬ್ಬರ ಹೆಸರು ಎಲ್ಲಕ್ಕಿಂತ ಸೊಗಸಾದುದು. ಅವರು ಇದನ್ನು ‘ಮೂರ್ಖ ಸೊಪ್ಪು’ ಎಂದರು. ಏಕೆಂದರೆ ಬೇರೆ ಗಿಡಗಳು ಬೇಲಿಯ ಮರೆಯನ್ನು ಆಶ್ರಯಿಸಿದರೆ, ಇದು ಜನ ಓಡಾಡುವ ದಾರಿಯಲ್ಲೇ, ನೀರು ನುಗ್ಗುವ ಕಾಲುವೆಯಲ್ಲೇ ಬೆಳೆದು ತುಳಿಸಿಕೊಳ್ಳುತ್ತದೆ. ಆದರೂ ಅರಬ್ಬರು ಈ ಮೂರ್ಖನನ್ನು ರೊಟ್ಟಿಯ ಚೂರು, ನಿಂಬೆಯ ರಸಗಳೊಡನೆ ಕಲಸಿ ತಿನ್ನುವುದನ್ನು ಬಿಟ್ಟಿಲ್ಲ. ತುರ್ಕರು ಮೊಸರಿನಲ್ಲಿ ಕಲಸುತ್ತಾರೆ. ಮೆಕ್ಸಿಕೋದವರು ಹಂದಿಯ ಮಾಂಸದೊಡನೆ ಬೇಯಿಸುತ್ತಾರೆ. 1753ರಲ್ಲಿ ಸ್ವೀಡನ್ನಿನ ಲಿನೀಯಸ್ ಜಗತ್ತಿನ ಸಸ್ಯಗಳಿಗೆಲ್ಲ ನಾಮಕರಣ ಮಾಡುವಾಗ ಇದಕ್ಕೆ ‘ಪೋರ್ಚುಲಾಕ ಒಲೆರೇಸಿಯ’ ಎಂದು ಹೆಸರಿಟ್ಟ. ‘ಒಲೆರೇಸಿಯ’ ಎಂದರೆ ಅಡುಗೆಯ ಸೊಪ್ಪಾಗಿ ಸಲ್ಲುವುದು. ಹೀಗೆ ಕಳೆಯ ಜಾತಕದಲ್ಲಿಯೇ ಅನ್ನದ ಯೋಗ ಬರೆದಿದೆ.

ಇನ್ನು ಇದರ ದಂಡಯಾತ್ರೆಯ ವಿಚಾರ. 1977ರಲ್ಲಿ ಪ್ರಕಟವಾದ, ಜಗತ್ತಿನ ಅತಿ ಕೆಟ್ಟ ಕಳೆಗಳನ್ನು ಕುರಿತ ಹೋಮ್ ಮತ್ತು ಸಂಗಡಿಗರ ಗ್ರಂಥವು ಈ ಗಿಡವನ್ನು 81 ದೇಶಗಳಲ್ಲಿ 45 ಬಗೆಯ ಬೆಳೆಗಳ ನಡುವಿನ ಕಳೆಯೆಂದು ದಾಖಲಿಸಿತು. ಅಷ್ಟು ರಾಜ್ಯಗಳನ್ನು ಅಲೆಕ್ಸಾಂಡರನೂ ಗೆಲ್ಲಲಿಲ್ಲ. ಇದರ ಯುದ್ಧನೀತಿಯೂ ನೋಡತಕ್ಕದ್ದೇ. ಹುಲುಸಾಗಿ ಬೆಳೆದ ಒಂದೇ ಗಿಡ 50,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಆ ಬೀಜಗಳು ಮಣ್ಣಿನೊಳಗೆ ದಶಕಗಳ ಕಾಲ ನಿದ್ರಿಸಿ, ಯಾವುದೋ ಒಂದು ಉಳುಮೆಯಲ್ಲಿ ಬೆಳಕು ಕಂಡಾಗ ಎದ್ದು ಕೂರುತ್ತವೆ. ಕಿತ್ತೆಸೆದ ಗಿಡ ಸಾಯುವುದಿಲ್ಲ. ದಂಟಿನಲ್ಲಿರುವ ನೀರನ್ನೇ ಕುಡಿದು ಬದುಕಿ, ನೆಲಕ್ಕೆ ತಾಗಿದ ಕಡೆ ಮತ್ತೆ ಬೇರು ಬಿಡುತ್ತದೆ. ಅದೂ ಆಗದಿದ್ದರೆ, ಬೇರು ಆಕಾಶಕ್ಕೆ ಮುಖ ಮಾಡಿ ಒಣಗುತ್ತಿರುವಾಗಲೂ ಎಳೆಯ ಕಾಯಿಯನ್ನು ಬಲಿಸಿ ಬೀಜ ಚೆಲ್ಲಿಯೇ ಪ್ರಾಣ ಬಿಡುತ್ತದೆ. ಈರುಳ್ಳಿಯ ಮಡಿಯಲ್ಲಿ ಇದರೊಡನೆ ಹೆಣಗಿದ ರೈತನಿಗೆ ಈ ಗಿಡದ ಗುಣಗಾನ ರುಚಿಸಲಾರದು. ಅವನ ಸಿಟ್ಟು ನ್ಯಾಯವಾದದ್ದು. ಅದನ್ನು ಅಲ್ಲಗಳೆದು ಈ ಸೊಪ್ಪಿನ ಪರವಾಗಿ ವಕಾಲತ್ತು ವಹಿಸುವುದು ನನ್ನ ಉದ್ದೇಶವಲ್ಲ.

ಆದರೆ ಅದೇ ಗುಣವನ್ನು ಬೇರೊಂದು ಕಣ್ಣು ಹೇಗೆ ನೋಡಿತೆಂಬುದನ್ನು ಗಮನಿಸಬೇಕು. ಆಸ್ಟ್ರೇಲಿಯದ ಮೂಲನಿವಾಸಿಗಳು ಈ ಗಿಡವನ್ನು ಕಿತ್ತು ರಾಶಿ ಹಾಕಿ ಕೆಲವು ದಿನ ಬಿಟ್ಟುಬಿಡುತ್ತಿದ್ದರು. ಗಿಡ ಬಾಡುತ್ತ ಬಾಡುತ್ತ ಬೀಜವನ್ನು ಬಲಿಸಿ ಕೆಳಕ್ಕೆ ಉದುರಿಸುತ್ತಿತ್ತು. ಆಮೇಲೆ ರಾಶಿಯನ್ನು ಸರಿಸಿ, ಉದುರಿದ ಕರಿಯ ಬೀಜವನ್ನು ಬಳಿದುಕೊಂಡು, ಕಲ್ಲಿನ ಮೇಲೆ ಅರೆದು ರೊಟ್ಟಿ ಸುಟ್ಟುಕೊಳ್ಳುತ್ತಿದ್ದರು. ಕಿತ್ತರೂ ಸಾಯದ ಹಟಮಾರಿತನವೆಂದು ನಾವು ಶಪಿಸುವುದು ಅವರಿಗೆ ಒಕ್ಕಣೆಯ ಸುಲಭೋಪಾಯವಾಗಿತ್ತು. ಗಿಡ ಎರಡು ಕಡೆಯೂ ಒಂದೇ. ಬೇರೆಯಾದದ್ದು ಅದನ್ನು ಎದುರುಗೊಂಡ ಬದುಕು.

ಕವಿಗಳ ತೀರ್ಪು ಕೂಡ ಒಂದೇ ತೆರನಾಗಿಲ್ಲ. ಎಂಟನೆಯ ಶತಮಾನದ ಚೀನದ ಮಹಾಕವಿ ತೂ ಫೂ ತನ್ನ ಬಡತನದ ದಿನಗಳಲ್ಲಿ, ಸರ್ಕಾರಿ ತೋಟದವನು ಒಳ್ಳೆಯ ತರಕಾರಿಗಳ ಬದಲು ಗೋಣಿ ಸೊಪ್ಪನ್ನೂ ಕಹಿ ಸೊಪ್ಪನ್ನೂ ಕಳುಹಿಸಿದಾಗ ನೊಂದು ಒಂದು ಕವಿತೆ ಬರೆದ. ಒಳ್ಳೆಯ ಗಿಡಗಳನ್ನು ಮುಸುಕಿ ಬೆಳೆಯುವ ಈ ಸೊಪ್ಪು ಅವನಿಗೆ ಸಜ್ಜನರನ್ನು ತುಳಿದು ಮೇಲೇರುವ ಅಲ್ಪರ ಪ್ರತೀಕವಾಗಿ ಕಂಡಿತು. ಸುಮಾರು ಸಾವಿರದ ನೂರು ವರ್ಷಗಳ ಅನಂತರ, ಅಮೆರಿಕದ ಹೆನ್ರಿ ಡೇವಿಡ್ ಥೋರೋ ವಾಲ್ಡನ್ ಕೊಳದ ದಂಡೆಯ ಗುಡಿಸಿಲಲ್ಲಿ ಕುಳಿತು ಇದೇ ಸೊಪ್ಪನ್ನು ಜೋಳದ ಹೊಲದಿಂದ ಆಯ್ದು ತಂದು, ಬೇಯಿಸಿ, ಉಪ್ಪು ಹಾಕಿಕೊಂಡು ಊಟ ಮಾಡಿ ಪರಮ ಸಂತೃಪ್ತನಾದ. 1854ರಲ್ಲಿ ಹೊರಬಂದ ‘ವಾಲ್ಡನ್’ ಗ್ರಂಥದಲ್ಲಿ ಅವನು ಇದರ ಲ್ಯಾಟಿನ್ ಹೆಸರನ್ನು ಬಾಯಿ ಚಪ್ಪರಿಸಿಕೊಂಡು ಹೇಳಿದ್ದಾನೆ. ಮನುಷ್ಯನಿಗೆ ಎಷ್ಟು ಸಾಕು ಎಂಬ ದೊಡ್ಡ ಪ್ರಶ್ನೆಗೆ ಅವನು ಕೊಟ್ಟ ಉತ್ತರಗಳಲ್ಲಿ ಈ ಒಂದು ತಟ್ಟೆ ಸೊಪ್ಪೂ ಸೇರಿದೆ. ಅವನಿಗಿಂತ ಸ್ವಲ್ಪ ಮುಂಚೆ, 1821ರಲ್ಲಿ, ವಿಲಿಯಂ ಕಾಬೆಟ್ ಎಂಬ ಇಂಗ್ಲಿಷ್ ಲೇಖಕ ಅಮೆರಿಕದ ತೋಟಗಾರಿಕೆಯನ್ನು ಕುರಿತ ತನ್ನ ಪುಸ್ತಕದಲ್ಲಿ, ಬೇರೇನೂ ಸಿಕ್ಕದಾಗ ಫ್ರೆಂಚರೂ ಹಂದಿಗಳೂ ತಿನ್ನುವ ಕಿಡಿಗೇಡಿ ಕಳೆಯೆಂದು ಇದನ್ನು ಗೇಲಿ ಮಾಡಿದ್ದ. ತಮಾಷೆಯೆಂದರೆ ಅದಕ್ಕೂ ನೂರಿಪ್ಪತ್ತು ವರ್ಷ ಹಿಂದೆ, 1699ರಲ್ಲಿ, ಅವನ ದೇಶದವನೇ ಆದ ಜಾನ್ ಎವೆಲಿನ್ ಹಸಿ ಸೊಪ್ಪಿನ ಕೋಸಂಬರಿಗಳ ಮೇಲೆಯೇ ಒಂದು ಗ್ರಂಥ ಬರೆದು ಅದರಲ್ಲಿ ಈ ಸೊಪ್ಪಿಗೆ ಮರ್ಯಾದೆಯ ಸ್ಥಾನ ಕೊಟ್ಟಿದ್ದ. ಒಂದು ಶತಮಾನದ ಅವಧಿಯಲ್ಲಿ ಇಂಗ್ಲಿಷರ ಊಟದ ಮೇಜಿನಿಂದ ಹಂದಿಯ ದೊಡ್ಡಿಗೆ ಇಳಿದ ಈ ಸೊಪ್ಪು ತಾನಂತೂ ಬದಲಾಗಿರಲಿಲ್ಲ.

ಈಗ ಚರಿತ್ರೆಯ ನಿಜವಾದ ಗಂಟಿಗೆ ಬರೋಣ. ಅಮೆರಿಕದಲ್ಲಿ ಈ ಗಿಡ ಪರದೇಶಿ ಎಂಬುದು ಬಹುಕಾಲ ಎಲ್ಲರೂ ಒಪ್ಪಿದ ಮಾತಾಗಿತ್ತು. ಯೂರೋಪಿನ ವಲಸೆಗಾರರು ಹಡಗಿನಲ್ಲಿ ಬಂದರು, ಅವರ ಧಾನ್ಯದ ಮೂಟೆಯಲ್ಲಿಯೋ ಬಟ್ಟೆಯ ಮಡಿಕೆಯಲ್ಲಿಯೋ ಇದೂ ಬಂತು, ಬಂದು ಊರೆಲ್ಲ ಹರಡಿತು ಎಂದು ಸಸ್ಯಶಾಸ್ತ್ರದ ಪುಸ್ತಕಗಳು ಬರೆದವು. ಈ ತೀರ್ಪಿಗೆ ವಿರುದ್ಧವಾದ ಒಂದು ಹಳೆಯ ಸಾಕ್ಷ್ಯವಿತ್ತು. 1605ರಲ್ಲಿ ಫ್ರೆಂಚ್ ನಾವಿಕ ಷಾಂಪ್ಲೇನ್ ಇಂದಿನ ನ್ಯೂ ಇಂಗ್ಲೆಂಡಿನ ಕರಾವಳಿಯುದ್ದಕ್ಕೂ ಹೋದಾಗ, ಮೂಲನಿವಾಸಿಗಳ ಮೆಕ್ಕೆಜೋಳದ ಹೊಲದಲ್ಲಿ ಈ ಸೊಪ್ಪು ಯಥೇಚ್ಛವಾಗಿ ಬೆಳೆದದ್ದನ್ನು ಕಂಡು, ಇವರು ಇದನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲವಲ್ಲ ಎಂದು ಬರೆದಿಟ್ಟಿದ್ದ. ಫ್ರೆಂಚನಾದ ಅವನಿಗೆ ಆ ಸೊಪ್ಪಿನ ರುಚಿ ಗೊತ್ತಿತ್ತು. ಇಂಗ್ಲಿಷರ ‘ಮೇಫ್ಲವರ್’ ಹಡಗು ಆ ತೀರಕ್ಕೆ ಬಂದದ್ದು ಅದಾದ 15 ವರ್ಷಗಳ ಮೇಲೆ. ಆದರೂ ಒಬ್ಬ ಪ್ರವಾಸಿಯ ಮಾತನ್ನು ನಂಬಿ ಶಾಸ್ತ್ರವನ್ನು ತಿದ್ದುವವರು ಯಾರು?

ತಿದ್ದಿದ್ದು ಒಂದು ಕೊಳದ ಕೆಸರು. ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಕ್ರಾಫರ್ಡ್ ಎಂಬ ಚಿಕ್ಕದಾದರೂ ಬಹಳ ಆಳವಾದ ಸರೋವರವಿದೆ. ಅದರ ತಳದ ನೀರು ಮೇಲಿನ ನೀರಿನೊಡನೆ ಬೆರೆಯುವುದಿಲ್ಲ. ಆದುದರಿಂದ ಪ್ರತಿ ವರ್ಷವೂ ಬೇಸಗೆಯಲ್ಲಿ ಸುಣ್ಣದಂಶದ ಒಂದು ಬಿಳಿಯ ಪದರ, ಅದರ ಮೇಲೆ ಕೊಳೆತ ಎಲೆ ಮೊದಲಾದವುಗಳ ಒಂದು ಕಪ್ಪು ಪದರ ಕಲಕದೆ ಕೂರುತ್ತವೆ. ಮರದ ಕಾಂಡದ ಉಂಗುರಗಳನ್ನು ಎಣಿಸುವಂತೆ ಆ ಪದರಗಳನ್ನು ಎಣಿಸಿ, ಇದು ಇಂಥ ವರ್ಷದ ಕೆಸರು ಎಂದು ಹೇಳಬಹುದು. 1970ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಆ ಕೆಸರಿನಲ್ಲಿ ಮೆಕ್ಕೆಜೋಳದ ಪರಾಗವನ್ನು ಕಂಡರು. ಬೇಸಾಯವಿದ್ದರೆ ಊರೂ ಇರಬೇಕಲ್ಲ ಎಂದು ಹುಡುಕಿದಾಗ, ಹತ್ತಿರದಲ್ಲೇ ಇರೊಕ್ವಾ ಸಂಸ್ಕೃತಿಯ ಜನರ ಉದ್ದುದ್ದ ಮನೆಗಳ ಒಂದು ಹಳ್ಳಿಯ ಅವಶೇಷ ಸಿಕ್ಕಿತು. ಅದೇ ಕೆಸರಿನಲ್ಲಿ ಗೋಣಿ ಸೊಪ್ಪಿನ ಬೀಜವೂ ಪರಾಗವೂ ಇದ್ದವು. ಬೀಜವಿದ್ದ ಪದರಗಳ ಕಾಲ ಕ್ರಿಸ್ತಶಕ 1430ರಿಂದ 1489. ಎಂದರೆ ಕೊಲಂಬಸ್ ಹಡಗು ಹತ್ತುವುದಕ್ಕೆ ಮುಂಚೆಯೇ ಈ ‘ಪರದೇಶಿ’ ಅಲ್ಲಿ ಮನೆ ಮಾಡಿಕೊಂಡಿತ್ತು. ಬರ್ನ್ ಮತ್ತು ಮೆಕ್‌ಆಂಡ್ರೂಸ್ ಎಂಬ ಇಬ್ಬರು ವಿದ್ವಾಂಸರು 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಹಿಂದೆ ಅಮೆರಿಕದ ಪೂರ್ವಭಾಗದ ಪುರಾತತ್ತ್ವ ನೆಲೆಗಳಿಂದಲೂ ಇಂಥದೇ ಸಾಕ್ಷ್ಯ ಬಂದಿತ್ತು. ಷಾಂಪ್ಲೇನನ ಮಾತು ಸುಮಾರು ಮುನ್ನೂರೆಪ್ಪತ್ತು ವರ್ಷಗಳ ಮೇಲೆ ನಿಜವಾಯಿತು.

ಈ ಸರೋವರಕ್ಕೆ ಈಚೆಗೆ ಇನ್ನೊಂದು ಪ್ರಸಿದ್ಧಿಯೂ ಬಂತು. ಮನುಷ್ಯನು ಭೂಮಿಯ ಮೇಲೆ ನಡೆಸಿದ ದಾಂಧಲೆಯಿಂದ ಹೊಸದೊಂದು ಭೂಯುಗವೇ ಆರಂಭವಾಗಿದೆ, ಅದರ ಗುರುತಿನ ಕಲ್ಲಾಗಿ ಕ್ರಾಫರ್ಡ್ ಸರೋವರದ ಕೆಸರನ್ನು ಇಟ್ಟುಕೊಳ್ಳೋಣ ಎಂದು 2023ರಲ್ಲಿ ಭೂವಿಜ್ಞಾನಿಗಳ ಒಂದು ಮಂಡಳಿ ಸೂಚಿಸಿತು. ಅಣುಬಾಂಬುಗಳ ಧೂಳು ಅಲ್ಲಿ ಅಷ್ಟು ಸ್ಪಷ್ಟವಾಗಿ ಅಚ್ಚಾಗಿದೆಯಂತೆ. 2024ರಲ್ಲಿ ಮೇಲಿನ ಸಮಿತಿ ಆ ಸೂಚನೆಯನ್ನು ಒಪ್ಪಲಿಲ್ಲ. ಅದು ಅವರ ಶಾಸ್ತ್ರದ ಮಾತು. ನನ್ನ ಮನಸ್ಸನ್ನು ಹಿಡಿದದ್ದು ಬೇರೆ. ಒಂದೇ ಕೆಸರಿನಲ್ಲಿ ಕೆಳಗೆ ಗೋಣಿ ಸೊಪ್ಪಿನ ಬೀಜ, ಮೇಲೆ ಅಣುಬಾಂಬಿನ ಧೂಳು. ಎರಡೂ ಮನುಷ್ಯನ ಹೆಜ್ಜೆಯ ಗುರುತುಗಳೇ. ದಟ್ಟವಾದ ಕಾಡಿನ ನೆರಳಿನಲ್ಲಿ ಈ ಸೊಪ್ಪು ಬೆಳೆಯದು. ಮನುಷ್ಯ ಮರ ಕಡಿದು ಬಿಸಿಲನ್ನು ಒಳಗೆ ಬಿಟ್ಟು, ಮಣ್ಣನ್ನು ಕೆದಕಿದ ಕಡೆ ಅದು ಹಿಂದೆಯೇ ಬಂತು. ನಾವು ಅದನ್ನು ಆಕ್ರಮಣಕಾರಿ ಎನ್ನುತ್ತೇವೆ. ಅದರ ಕಡೆಯಿಂದ ನೋಡಿದರೆ, ನಾವು ಮುಂದೆ ಮುಂದೆ ದಾರಿ ಮಾಡಿಕೊಟ್ಟವರು, ಅದು ಹಿಂದೆ ಬಂದ ಹಿಂಬಾಲಕ.

ಪರದೇಶಿ, ಸ್ವದೇಶಿ ಎಂಬ ಲೆಕ್ಕ ತೆಗೆದರೆ ನಮ್ಮ ತಟ್ಟೆಯೇ ಬರಿದಾದೀತು. ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದದ್ದು. ಇಷ್ಟೇಕೆ, ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯ ಗರ್ವವನ್ನು ಮುರಿಸಿ ಶ್ರೀರಾಮನಿಂದಲೇ ಗೆಲುವು ಕೊಡಿಸಿದ ನಮ್ಮ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳು. ಬಂದವರಲ್ಲಿ ಕೆಡುಕರೂ ಉಂಟು. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡ ಕಾಂಗ್ರೆಸ್ ಗಿಡ ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿ, ಮನುಷ್ಯರಿಗೆ ತುರಿಕೆ ಉಬ್ಬಸಗಳನ್ನೂ ದನಗಳಿಗೆ ವಿಷವನ್ನೂ ಹಂಚಿತು. ಅದನ್ನು ಬೇರುಸಹಿತ ಕೀಳಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಾಂಗ್ರೆಸ್ ಗಿಡವನ್ನೂ ಗೋಣಿ ಸೊಪ್ಪನ್ನೂ ‘ಕಳೆ’ ಎಂಬ ಒಂದೇ ಗೂಟಕ್ಕೆ ಕಟ್ಟುವ ವಿವೇಕ ಎಂಥದು? ಮೊದಲನೆಯದನ್ನು ಕಿತ್ತರೆ ಕಸ. ಎರಡನೆಯದನ್ನು ಕಿತ್ತರೆ ಕೊಯ್ಲು.

ನಮ್ಮ ಹಿಂದಿನವರು ಹಾಗೆ ಕಟ್ಟಿರಲಿಲ್ಲ. ನಾನು ಬೆಳೆದದ್ದು ಹಾಸನ ಸೀಮೆಯ ಒಂದು ರಾಗಿಯ ಊರಿನಲ್ಲಿ. ಹೊಲದಲ್ಲಿ ಕಳೆ ಕೀಳುವ ದಿನಗಳಲ್ಲಿ ಹೆಂಗಸರ ಎರಡು ಕೈಗಳೂ ಎರಡು ಬಗೆಯ ಕೆಲಸ ಮಾಡುತ್ತಿದ್ದವು. ಕಿತ್ತದ್ದರಲ್ಲಿ ಒಂದು ಪಾಲು ಬದುವಿಗೆ ಹೋಗುತ್ತಿತ್ತು; ಇನ್ನೊಂದು ಪಾಲು ಮಡಿಲಿಗೆ ಬೀಳುತ್ತಿತ್ತು. ಅಣ್ಣೆ, ಕನ್ನೆ, ಗಣಿಕೆ, ಕಿರಕಸಾಲೆ, ಹೊನಗೊನೆ, ಗೋಣಿ. ಸಂಜೆಗೆ ಅವೆಲ್ಲ ಬೆರಕೆ ಸೊಪ್ಪಾಗಿ ಒಂದೇ ಮಡಕೆಯಲ್ಲಿ ಬೆಂದು, ಮಸೆದು, ಮುದ್ದೆಗೆ ಮಸ್ಸೊಪ್ಪಾಗುತ್ತಿದ್ದವು. ಕೂಲಿಯ ಲೆಕ್ಕಕ್ಕೆ ಸೇರದ ಈ ಕೂಲಿಯ ಮೇಲೆ ಎಷ್ಟೋ ಮನೆಗಳ ಮಕ್ಕಳ ಮೈಯಲ್ಲಿ ರಕ್ತ ಉಳಿದಿತ್ತು. ಹೊಲದಲ್ಲಿ ‘ಕಳೆ’ಯಬೇಕಾದ ‘ಕಳೆ’ ಮುಖದ ‘ಕಳೆ’ಯಾಗುವ ದಾರಿ ಅದೇ. ನಾನು ಆರಂಭದಲ್ಲಿ ಹೇಳಿದ ಮೂರು ಅರ್ಥಗಳು ಕೂಡುವುದು ನಿಘಂಟಿನಲ್ಲಲ್ಲ, ಆ ಮಡಕೆಯಲ್ಲಿ.

ಆ ಹೆಂಗಸರ ತಿಳಿವಳಿಕೆ ಸಾಮಾನ್ಯವಾದದ್ದಲ್ಲ. ಗೋಣಿ ಸೊಪ್ಪಿನ ಪಕ್ಕದಲ್ಲೇ, ಅದರಂತೆಯೇ ನೆಲಕ್ಕೆ ಹರಡಿ ಬೆಳೆಯುವ ಬೇರೊಂದು ಜಾತಿಯ ಗಿಡ ಉಂಟು. ಅದರ ದಂಟನ್ನು ಮುರಿದರೆ ಬಿಳಿಯ ಹಾಲು ಬರುತ್ತದೆ, ಅದು ತಿನ್ನತಕ್ಕದ್ದಲ್ಲ. ಗೋಣಿಯ ದಂಟಿನಲ್ಲಿ ಹಾಲಿಲ್ಲ, ತಿಳಿಯಾದ ನೀರು. ಇದನ್ನು ಅವರು ಮಕ್ಕಳ ಕೈಯಲ್ಲಿ ಮುರಿಸಿಯೇ ಕಲಿಸುತ್ತಿದ್ದರು. ಬೆಳಗ್ಗೆ ಕೊಯ್ದ ಸೊಪ್ಪು ಹೆಚ್ಚು ಹುಳಿ, ಬಿಸಿಲು ಇಳಿದ ಮೇಲೆ ಕೊಯ್ದದ್ದರಲ್ಲಿ ಹುಳಿ ಕಡಮೆ ಎಂಬುದೂ ಅವರಿಗೆ ಗೊತ್ತಿತ್ತು. ಅದರ ಕಾರಣ ಈಗ ತಿಳಿದಿದೆ. ರಾಗಿ, ಜೋಳ, ಕಬ್ಬುಗಳು ಬಿಸಿಲಿನಲ್ಲಿ ಚುರುಕಾಗಿ ಆಹಾರ ತಯಾರಿಸುವ ಒಂದು ವಿಧಾನವನ್ನು ಬಲ್ಲವು. ಪಾಪಾಸುಕಳ್ಳಿ, ಅನಾನಸುಗಳು ನೀರನ್ನು ಉಳಿಸಲೆಂದು ರಾತ್ರಿಯೇ ಗಾಳಿಯನ್ನು ಒಳಗೆ ಎಳೆದುಕೊಂಡು ಅದನ್ನು ಹುಳಿಯಾಗಿ ಕೂಡಿಟ್ಟು, ಹಗಲಿನಲ್ಲಿ ಬಳಸುವ ಇನ್ನೊಂದು ವಿಧಾನವನ್ನು ಬಲ್ಲವು. ಗೋಣಿ ಸೊಪ್ಪಿಗೆ ಎರಡೂ ಗೊತ್ತು. ನೀರಿದ್ದಾಗ ಕಬ್ಬಿನಂತೆ, ಬರ ಬಂದಾಗ ಕಳ್ಳಿಯಂತೆ. ಈ ಎರಡು ವಿಧಾನಗಳೂ ಒಂದೇ ಜೀವಕೋಶದೊಳಗೆ ಹೆಣೆದುಕೊಂಡಿವೆಯೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2022ರಲ್ಲಿ ತೋರಿಸಿಕೊಟ್ಟರು. ಬರಗಾಲದಲ್ಲೂ ಬದುಕುವ ಬೆಳೆಗಳನ್ನು ರೂಪಿಸಲು ಈ ‘ಮೂರ್ಖ ಸೊಪ್ಪಿ’ನಿಂದ ಪಾಠ ಕಲಿಯಬಹುದೆಂದು ಅವರ ಆಸೆ.

ಪೌಷ್ಟಿಕತೆಯ ವಿಚಾರದಲ್ಲೂ ಹೀಗೆಯೇ. ಗ್ರೀಸ್ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಆರ್ಟೆಮಿಸ್ ಸಿಮೊಪೌಲೋಸ್ ಎಂಬ ವೈದ್ಯೆ, ಮೀನಿನ ಎಣ್ಣೆಯಿಂದಾಗಿ ಹೆಸರಾದ ಒಮೆಗಾ-3 ಎಂಬ ಕೊಬ್ಬಿನ ವರ್ಗಕ್ಕೆ ಸೇರಿದ ಅಂಶ ಈ ಸೊಪ್ಪಿನಲ್ಲಿ ಹೇರಳವಾಗಿದೆಯೆಂದು 1986ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದರು. 100 ಗ್ರಾಂ ಹಸಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂ. ಇದನ್ನು ಮೇಯ್ದ ಗ್ರೀಸಿನ ಹಳ್ಳಿಯ ಕೋಳಿಗಳ ಮೊಟ್ಟೆಯೂ ಉತ್ತಮವೆಂದು ಕಂಡುಬಂತು. ಕೋಳಿಮರಿಯ ಪಾದವೆಂದು ಹೆಸರಿಟ್ಟ ಫ್ರೆಂಚರು ಏನೋ ಒಂದನ್ನು ನೋಡಿಯೇ ಇಟ್ಟಿರಬೇಕು! ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪಾಲಕಿನಂತೆ ಇದರಲ್ಲಿಯೂ ಆಕ್ಸಲೇಟ್ ಎಂಬ ಅಂಶ ಹೆಚ್ಚು. ಮೂತ್ರಪಿಂಡದ ಕಲ್ಲಿನ ಬಾಧೆಯುಳ್ಳವರು ದೂರವಿರುವುದೇ ಲೇಸು. ಮೊಸರಿನೊಡನೆ ಕಲಸಿದರೆ ಕರಗುವ ಆಕ್ಸಲೇಟಿನ ಅಂಶ ಕಡಮೆಯಾಗುತ್ತದೆಂದು ಪರೀಕ್ಷೆಗಳು ಹೇಳುತ್ತವೆ. ತುರ್ಕರ ಅಜ್ಜಿಯಂದಿರು ಪ್ರಯೋಗಶಾಲೆಯ ಅಪ್ಪಣೆಗೆ ಕಾಯದೆ ಅದನ್ನು ಮಾಡುತ್ತ ಬಂದಿದ್ದರು.

ಹಾಗಾದರೆ ಈ ಸೊಪ್ಪು ನಮ್ಮ ತಟ್ಟೆಯಿಂದ ಜಾರಿದ್ದೇಕೆ? ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯಲ್ಲಿ ಅರ್ಧ ಉತ್ತರವಿದೆ. ಉಳಿದರ್ಧ ನಾಚಿಕೆ. ನಮ್ಮ ಮನೆಯಲ್ಲೇ ನೆಂಟರು ಬಂದ ದಿನ ಬೆರಕೆ ಸೊಪ್ಪಿನ ಮಡಕೆ ಒಲೆಯ ಹಿಂದಕ್ಕೆ ಸರಿಯುತ್ತಿತ್ತು. ಪೇಟೆಯಿಂದ ಆಲೂಗಡ್ಡೆ ಬರುತ್ತಿತ್ತು. ದುಡ್ಡು ಕೊಟ್ಟು ತಂದದ್ದು ತರಕಾರಿ, ಬಾಗಿ ಆಯ್ದು ತಂದದ್ದು ಬಡತನ ಎಂಬ ಭಾವನೆ ಯಾರೂ ಬಾಯಿ ಬಿಟ್ಟು ಹೇಳದೆಯೇ ಮಕ್ಕಳಿಗೆ ಅಂಟಿತು. 1935ರಲ್ಲಿ ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಹಸಿರು ಸೊಪ್ಪುಗಳ ಆಹಾರಮೌಲ್ಯವನ್ನು ಕುರಿತು ಬರೆದು, ಹಳ್ಳಿಯವರು ಕೈಗೆಟಕುವ ಸೊಪ್ಪನ್ನು ಕಡೆಗಣಿಸಬಾರದೆಂದು ಹೇಳಿದ್ದರು. ಅವರ ಎಷ್ಟೋ ಮಾತುಗಳಂತೆ ಅದೂ ಜಯಂತಿಗಳಿಗೆ ಮೀಸಲಾಯಿತು. ಇನ್ನೊಂದು ವಿನೋದ ಕೇಳಿ. ಇದೇ ಗೋಣಿ ಸೊಪ್ಪಿನ ದಾಯಾದಿ ಒಂದಿದೆ. ದಕ್ಷಿಣ ಅಮೆರಿಕದಿಂದ ಬಂದದ್ದು, ಕೆಂಪು ಹಳದಿ ಗುಲಾಬಿ ಬಣ್ಣದ ಹೂ ಬಿಡುವಂಥದು. ನಾವು ಅದನ್ನು ‘ಟೇಬಲ್ ರೋಸ್’ ಎಂದು ಕರೆದು, ಕುಂಡದಲ್ಲಿಟ್ಟು ನೀರೆರೆಯುತ್ತೇವೆ. ಆ ಕುಂಡದಲ್ಲೇ ಗೋಣಿ ಸೊಪ್ಪು ತಲೆಯೆತ್ತಿದರೆ ಚಿವುಟಿ ಎಸೆಯುತ್ತೇವೆ.

ಬರಬರುತ್ತ ಹೊಲದ ರೀತಿಯೂ ಬದಲಾಯಿತು. ಕಳೆ ಕೀಳುವ ಆಳು ಸಿಕ್ಕುವುದು ಕಷ್ಟ. ಸಿಕ್ಕಿದರೂ ಕೂಲಿ ಕೊಟ್ಟು ಬಾಳುವುದು ರೈತನಿಗೆ ಇನ್ನೂ ಕಷ್ಟ. ಆದುದರಿಂದ ಕಳೆನಾಶಕದ ಡಬ್ಬಿ ಬಂತು. ರೈತನನ್ನು ಇದಕ್ಕಾಗಿ ದೂರುವ ಹಕ್ಕು ಪಿಂಚಣಿ ಉಣ್ಣುವ ನನ್ನಂಥವನಿಗೆ ಇಲ್ಲ. ಆದರೆ ಮದ್ದು ಹೊಡೆದ ಹೊಲದಲ್ಲಿ ಸೊಪ್ಪನ್ನು ಗುರುತಿಸಬಲ್ಲವರೂ ಅದನ್ನು ಕೊಯ್ಯುವಂತಿಲ್ಲ. ಪೇಟೆಯ ಚರಂಡಿಯ ಅಂಚಿನಲ್ಲಿ ಹುಲುಸಾಗಿ ಬೆಳೆದದ್ದನ್ನಂತೂ ಮುಟ್ಟಲೇಬಾರದು. ಮಣ್ಣಿನಲ್ಲಿರುವ ವಿಷವನ್ನೂ ಹೀರಿಕೊಳ್ಳುವ ಗಿಡ ಅದು. ಗಿಡವೇನೋ ಇದೆ, ಹಿಂದೆಂದಿಗಿಂತಲೂ ಹೆಚ್ಚು ಕಡೆ ಇದೆ. ನಂಬಿ ತಿನ್ನಬಹುದಾದ ನೆಲ ಕಡಮೆಯಾಗಿದೆ.

ನನ್ನನ್ನು ಹೆಚ್ಚಾಗಿ ಕಾಡುವುದು ಇನ್ನೊಂದು ನಷ್ಟ. ‘ಗೋಣಿ ಸೊಪ್ಪು’ ಎಂಬ ಶಬ್ದ ನಿಘಂಟಿನಲ್ಲಿ ಭದ್ರವಾಗಿದೆ. ಅದಕ್ಕೆ ‘ಒಂದು ಬಗೆಯ ಸೊಪ್ಪು’ ಎಂದು ಅರ್ಥ ಬರೆದರೆ ಕೆಲಸ ಮುಗಿಯಿತು. ಆದರೆ ಆ ಶಬ್ದವನ್ನು ಕೇಳಿ ಹೊಲಕ್ಕೆ ಹೋಗಿ, ನೂರು ಹಸಿರುಗಳ ನಡುವೆ ಆ ಒಂದು ಹಸಿರನ್ನು ಬೆರಳಿಟ್ಟು ತೋರಿಸುವ ಕಣ್ಣು ನಿಘಂಟಿನಲ್ಲಿ ಉಳಿಯುವುದಿಲ್ಲ. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಬೇಕು. ಒಂದೇ ಒಂದು ತಲೆಮಾರು ತೋರಿಸದೆ ಹೋದರೆ ಸಾಕು, ಮುಂದಿನವರಿಗೆ ಅದು ಬರಿಯ ಹುಲ್ಲು. ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಕಾದುಕೊಂಡಿರಬಲ್ಲದು. ಆ ತಿಳಿವಳಿಕೆಗೆ ಅಷ್ಟು ತಾಳ್ಮೆಯಿಲ್ಲ. ಕವಿಗಳ ಓಲೆಗರಿಗಳನ್ನು ಹುಡುಕಿ ಹುಡುಕಿ ಉಳಿಸಿದ ನಾಡು ನಮ್ಮದು. ಬರೆಯಲು ಬಾರದ ಹೆಂಗಸರು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ಈ ಪಾಠಾಂತರಗಳನ್ನು ಸಂಗ್ರಹಿಸುವ ಕೆಲಸ ಅಷ್ಟು ಶ್ರದ್ಧೆಯಿಂದ ನಡೆಯಲಿಲ್ಲ.

ಮಳೆಗಾಲ ಬಂದಾಗ, ತಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಹಳ್ಳಿಯಲ್ಲಿ ಬೆಳೆದ ಅಜ್ಜಿಯೊಬ್ಬರು ಇದ್ದರೆ, ಅವರನ್ನು ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ. ಯಾವುದಕ್ಕೆ ಏನು ಹೆಸರು, ಯಾವುದು ಉಣ್ಣುವುದು, ಯಾವುದು ಒಲ್ಲದ್ದು ಎಂದು ಕೇಳಿ ಬರೆದುಕೊಳ್ಳಿ. ಹೆಸರಿನ ಪಕ್ಕದಲ್ಲಿ ಎಲೆಯನ್ನೂ ಒಣಗಿಸಿ ಅಂಟಿಸಿ. ದಂಟನ್ನು ಮಾತ್ರ ಮೊಮ್ಮಕ್ಕಳ ಕೈಯಲ್ಲಿಯೇ ಮುರಿಸಿ ನೋಡಿ. ಹಾಲು ಬಂದರೆ ಬಿಸಾಡಲಿ. ತಿಳಿನೀರು ಬಂದರೆ, ಅಜ್ಜಿ ಹೂಂ ಎಂದ ಮೇಲೆ, ಒಳಗೆ ತರಲಿ.